ಚಿನ್ನ ಕಂಪನಿಗೆ, ಧೂಳು ಕೂಲಿಯವನಿಗೆ

ಶನಿವಾರಸಂತೆಯಲ್ಲಿ ವಾರದ ಉಳಿದ ಆರು ದಿನಗಳು ಶನಿವಾರಕ್ಕಾಗಿ ಕಾಯುವ ದಿನಗಳು. ಅಂದು ಕೊಡ್ಲಿಪೇಟೆ ಕಡೆಯಿಂದ, ಯಸಳೂರು ಕಡೆಯಿಂದ, ಸುತ್ತಲಿನ ಕಾಫಿ ತೋಟಗಳ ಲೈನ್ ಮನೆಗಳಿಂದ ಜನ ಬಂದು ನೆರೆಯುತ್ತಾರೆ. ಹಸಿಮೆಣಸಿನಕಾಯಿ, ಒಣಮೀನು, ಹೊಗೆಸೊಪ್ಪು, ಪ್ಲಾಸ್ಟಿಕ್ ಕೊಡ, ಮಕ್ಕಳ ಅಂಗಿ... ಕೊಳ್ಳುವುದೆಲ್ಲ ಮುಗಿದ ಮೇಲೆ ತೋಟದ ಹೆಣ್ಣುಮಗಳೊಬ್ಬಳು ಚಿನ್ನಬೆಳ್ಳಿ ಅಂಗಡಿಯ ಮುಂದೆ ತುಸು ಹೊತ್ತು ನಿಂತು, ಕೊನೆಗೆ ಧೈರ್ಯ ಮಾಡಿ ಒಳಗೆ ಹೋಗುವುದುಂಟು. ಮಗಳ ಮೂಗುಬೊಟ್ಟಿಗೆಂದು ಎಷ್ಟೋ ವಾರಗಳ ಕೂಲಿಯಲ್ಲಿ ಉಳಿಸಿದ ದುಡ್ಡು ಅವಳ ಸಂಚಿಯಲ್ಲಿರುತ್ತದೆ. ಹಿಂದೆ ಗುಲಗಂಜಿ ಇಟ್ಟು ತೂಗುತ್ತಿದ್ದ ಜಾಗದಲ್ಲಿ ಈಗ ಎಲೆಕ್ಟ್ರಾನಿಕ್ ತಕ್ಕಡಿ. ಫ್ಯಾನಿನ ಗಾಳಿಗೆ ಅಂಕಿ ಅಲುಗಬಾರದೆಂದು ಅದರ ಸುತ್ತ ಗಾಜಿನ ಗೂಡು. ಬೊಟ್ಟನ್ನು ಇಟ್ಟರೆ ಅರ್ಧ ಗ್ರಾಂ ತೋರಿಸುತ್ತದೆ.

"ಇಷ್ಟೇನಾ ಅಣ್ಣಾ?"

"ಇಷ್ಟೇ ಅಕ್ಕಾ, ಬಂಗಾರ ಅಲ್ವಾ?"

ಅರ್ಧ ಗ್ರಾಂ ಎಂದರೆ ಎಷ್ಟು? ಅಂಗಡಿಯ ಲೆಕ್ಕ ಬೇರೆ, ಗಣಿಯ ಲೆಕ್ಕ ಬೇರೆ. ಕೋಲಾರದ ಚಿನ್ನದ ಗಣಿಗಳು ಮುಚ್ಚುವ ಕಾಲಕ್ಕೆ ಒಂದು ಟನ್ ಅದಿರಿನಲ್ಲಿ ಸಿಗುತ್ತಿದ್ದ ಚಿನ್ನ ಮೂರು ನಾಲ್ಕು ಗ್ರಾಂ ಮಾತ್ರ. ಆ ಲೆಕ್ಕದಲ್ಲಿ ಒಂದು ಮೂಗುಬೊಟ್ಟಿಗೆ ಸುಮಾರು ನೂರೈವತ್ತು ಕಿಲೋ ಕಲ್ಲು ಬೇಕು. ತೋಟದವರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ, ಐವತ್ತು ಕಿಲೋದ ಮೂರು ಮೂಟೆ ಕಾಫಿಯ ತೂಕ. ಆ ಮೂರು ಮೂಟೆ ಕಲ್ಲನ್ನು ಪಾತಾಳದಲ್ಲಿ ಒಡೆದು, ಬುಟ್ಟಿಗೆ ತುಂಬಿ, ಮೇಲಕ್ಕೆ ಎಳೆದು, ಹಿಟ್ಟಿನಂತೆ ಪುಡಿ ಮಾಡಿ, ಸೈನೈಡಿನ ನೀರಿನಲ್ಲಿ ನೆನೆಸಿದ ಮೇಲೆ ಉಳಿಯುವುದೇ ಆ ಬೊಟ್ಟು. ಇಂದು ನಮ್ಮ ಅಂಗಡಿಗಳಿಗೆ ಬರುವ ಬಂಗಾರ ಬಹುಪಾಲು ಹೊರದೇಶದ್ದು, ನಿಜ. ಆದರೆ ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ಕಾಲದ ಓಲೆಯೋ ತಾಳಿಯೋ ಇದ್ದರೆ ಅದು ಕೋಲಾರದ ಕಲ್ಲಿನಿಂದ ಬಂದಿರಲೂಬಹುದು.

ಚಿನ್ನದ ಬೇಟೆ ಎಂದರೆ ಲೋಕಕ್ಕೆಲ್ಲ ನೆನಪಾಗುವುದು ಅಮೆರಿಕದ ಕ್ಯಾಲಿಫೋರ್ನಿಯಾ. 1848ರ ಜನವರಿಯಲ್ಲಿ ಮರ ಕೊಯ್ಯುವ ಗಿರಣಿಯೊಂದರ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್ ಎಂಬ ಬಡಗಿಗೆ ಚಿನ್ನದ ಚೂರು ಸಿಕ್ಕಿತು. ಮರುವರ್ಷ ಜಗತ್ತಿನ ಮೂಲೆಮೂಲೆಯಿಂದ ಜನ ಅಲ್ಲಿಗೆ ನುಗ್ಗಿದರು. 1851ರಲ್ಲಿ ಆಸ್ಟ್ರೇಲಿಯಾದ ಸರದಿ. ಗುದ್ದಲಿ, ಬಾಣಲೆ, ಒಂದು ಡೇರೆ, ಇಷ್ಟು ಇದ್ದರೆ ಯಾರು ಬೇಕಾದರೂ ಹೊಳೆಗೆ ಇಳಿಯಬಹುದಿತ್ತು. ಅಲ್ಲಿ ಸುಖವೇನೂ ಇರಲಿಲ್ಲ. ಮೊಣಕಾಲುದ್ದದ ತಣ್ಣೀರಿನಲ್ಲಿ ದಿನವಿಡೀ ನಿಲ್ಲಬೇಕು, ತರಕಾರಿ ಕಾಣದೆ ಒಸಡು ಕೊಳೆಯುತ್ತಿತ್ತು, ಕಾಲರಾ ಬರುತ್ತಿತ್ತು, ಅಗೆದವನಿಗಿಂತ ಅವನಿಗೆ ಗುದ್ದಲಿ ಮಾರಿದವನೇ ಸಾಹುಕಾರನಾದ. ಆದರೂ ಒಂದು ಮಾತಿತ್ತು. ಬಾಣಲೆಯ ತಳದಲ್ಲಿ ಹೊಳೆದದ್ದು ಬಾಣಲೆ ಹಿಡಿದವನದೇ.

ನಮ್ಮ ಕಡೆ ಆದದ್ದೇ ಬೇರೆ. ಇಲ್ಲಿ ಬಾಣಲೆ ಹಿಡಿದವನೊಬ್ಬ, ಚಿನ್ನ ಪಡೆದವನು ಇನ್ನೊಬ್ಬ.

ಕೊಡಗಿನಲ್ಲಿ ಚಿನ್ನದ ಗಣಿ ಇಲ್ಲ. ಆದರೆ ಚಿನ್ನದ ಹುಚ್ಚು ಪಕ್ಕದ ವಯನಾಡಿನವರೆಗೂ ಬಂದಿತ್ತು. ಕಾಫಿ ಗಿಡಕ್ಕೆ ಕಾಂಡಕೊರಕ ಹುಳು ಬಿದ್ದು, ಎಲೆರೋಗ ಬಿದ್ದು, ಹತ್ತೊಂಬತ್ತನೆಯ ಶತಮಾನದ ನಡುವಿನಿಂದಾಚೆಗೆ ಕೊಡಗು, ವಯನಾಡುಗಳ ದೊರೆಗಳ ತೋಟಗಳು ಕಂಗೆಟ್ಟಿದ್ದವು. ವಯನಾಡಿನ ದೇವಾಲ, ಪಂದಲೂರು ಕಡೆ ಕಾಡುಜನರು ಹೊಳೆಮಣ್ಣು ತೊಳೆದು ಚೂರುಪಾರು ಚಿನ್ನ ತೆಗೆಯುತ್ತಿದ್ದುದು ಹಿಂದಿನಿಂದಲೂ ಎಲ್ಲರಿಗೂ ಗೊತ್ತಿದ್ದ ಸಂಗತಿ. 1879ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಬ್ರೋ ಸ್ಮಿತ್ ಎಂಬ ಗಣಿ ತಜ್ಞ ಅಲ್ಲಿನ ಬೆಣಚುಕಲ್ಲನ್ನು ಪರೀಕ್ಷಿಸಿ ಆಸೆ ಹುಟ್ಟಿಸುವ ವರದಿ ಬರೆದ. ಅದಾದ ಎರಡೇ ವರ್ಷಗಳಲ್ಲಿ ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿಕೊಂಡವು. ಕಾಗದದ ಮೇಲೆ ನಲವತ್ತು ಲಕ್ಷ ಪೌಂಡಿಗೂ ಮಿಕ್ಕ ಬಂಡವಾಳ! ಕಾಫಿ ಒಣಗಿದ ಎಸ್ಟೇಟುಗಳು ಚಿನ್ನದ ಬೆಲೆಗೆ ಮಾರಾಟವಾದವು. ಕಾಡಿನ ನಡುವೆ ಪಂದಲೂರು ಪಟ್ಟಣವಾಯಿತು. ಕಲ್ಲು ಕುಟ್ಟುವ ಯಂತ್ರಗಳು ಘಟ್ಟ ಹತ್ತಿದವು. ಕಲ್ಲು ಕುಟ್ಟಿ ನೋಡಿದರೆ ಚಿನ್ನ ಇತ್ತು, ಆದರೆ ಖರ್ಚು ಗಿಟ್ಟುವಷ್ಟಿರಲಿಲ್ಲ. ಶೇರು ಮೊದಲೇ ಮಾರಿ ಕೈತೊಳೆದುಕೊಂಡವರು ಗೆದ್ದರು, ಉಳಿದವರು ಮುಳುಗಿದರು. ಯಂತ್ರಗಳು ಕಾಡಿನಲ್ಲೇ ತುಕ್ಕು ಹಿಡಿದವು. ಅಂದರೆ ಈ ನೂಕುನುಗ್ಗಲು ನಡೆದದ್ದು ವಯನಾಡಿನ ಹೊಳೆಯಲ್ಲಿ ಅಲ್ಲ, ಲಂಡನ್ನಿನ ಶೇರುಪೇಟೆಯಲ್ಲಿ. ಹೊಳೆಯ ಬಳಿ ಇದ್ದವರು ದಿನಗೂಲಿಗೆ ಬಂದವರು.

ಕೋಲಾರದ ಕತೆಯೂ ಇದೇ ಅಚ್ಚಿನದು. ಒಂದೇ ವ್ಯತ್ಯಾಸವೆಂದರೆ ಅಲ್ಲಿ ಚಿನ್ನ ಸಿಕ್ಕಿತು.

ಟಿಪ್ಪುವಿನ ಪತನದ ನಂತರ ಮೈಸೂರಿನ ಪೂರ್ವದ ಗಡಿ ಅಳೆಯಲು ಹೋಗಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಊರಿಗಾಂ, ಮಾರಿಕುಪ್ಪಂ ಸುತ್ತ ಚಿನ್ನ ಸಿಗುವ ಸುದ್ದಿ ಕೇಳಿದ. ಹಳ್ಳಿಗರು ಗುಂಡಿ ತೋಡಿ ತೆಗೆದ ಮಣ್ಣು ಕಲ್ಲನ್ನು ಕುಟ್ಟಿ ತೊಳೆದು ಚಿನ್ನ ಬಸಿಯುತ್ತಿದ್ದರು. ಅವನು ಬರೆದಿಟ್ಟದ್ದನ್ನು ಸುಮಾರು ಎಪ್ಪತ್ತು ವರ್ಷಗಳ ನಂತರ ಓದಿದವನು ಮೈಕೆಲ್ ಫಿಟ್ಜೆರಾಲ್ಡ್ ಲೆವೆಲ್. ನ್ಯೂಜಿಲೆಂಡಿನ ಯುದ್ಧದಲ್ಲಿ ಸಿಪಾಯಿಯಾಗಿದ್ದು ಬೆಂಗಳೂರು ದಂಡಿನಲ್ಲಿ ಬಂದು ನೆಲೆಸಿದ್ದ ಐರಿಷ್ ಮನುಷ್ಯ. 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆ ಹೋಗಿ ಹಳೆಯ ಗುಂಡಿಗಳನ್ನು ನೋಡಿ ಬಂದ. 1875ರಲ್ಲಿ ಇಪ್ಪತ್ತು ವರ್ಷಗಳ ಗುತ್ತಿಗೆ ಪಡೆದ. ಹಣ ಸಾಲದೆ ಹಕ್ಕನ್ನು ಬೇರೆಯವರಿಗೆ ಮಾರಿದ. ಬೆಂಗಳೂರಿನ ಲೆವೆಲ್ ರಸ್ತೆಗೆ ಹೆಸರು ಬಂದದ್ದು ಅವನಿಂದಲೇ. ಚಿನ್ನ ಕಂಡುಹಿಡಿದವನಿಗೆ ಚಿನ್ನ ಸಿಗಲಿಲ್ಲ, ರಸ್ತೆಯಾದರೂ ಸಿಕ್ಕಿತು.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಮೊದಲ ಕೆಲವು ವರ್ಷ ಬರೀ ನಷ್ಟ. ಇನ್ನೇನು ಗಂಟುಮೂಟೆ ಕಟ್ಟಬೇಕು ಎನ್ನುವಾಗ ಕ್ಯಾಪ್ಟನ್ ಪ್ಲಮ್ಮರ್ ಎಂಬ ಗಣಿ ಅಧಿಕಾರಿ ಹಳಬರು ಅಗೆದು ಬಿಟ್ಟಿದ್ದ ಗುಂಡಿಗಳ ಜಾಡು ಹಿಡಿದು ಕೆಳಗಿಳಿದ. ಚಾಂಪಿಯನ್ ಎಂದು ಹೆಸರಾದ ಚಿನ್ನದ ಎಳೆ 1885ರ ಹೊತ್ತಿಗೆ ಸಿಕ್ಕಿದ್ದು ಹೀಗೆ. ಹೆಸರಿಲ್ಲದ ಯಾವನೋ ಹಳ್ಳಿಗ ನೂರಾರು ವರ್ಷಗಳ ಹಿಂದೆ ತೋಡಿದ ಗುಂಡಿಯೇ ದೊರೆಗೆ ದಾರಿ ತೋರಿಸಿತು ಎನ್ನುವುದನ್ನು ಚರಿತ್ರೆಯ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆರಂಭದ ಆ ವರ್ಷಗಳಲ್ಲಿ ಒಂದು ಟನ್ ಅದಿರಿಗೆ ಒಂದು ಔನ್ಸಿಗೂ ಮೀರಿ, ಅಂದರೆ ಮೂವತ್ತು ಗ್ರಾಂ ದಾಟಿ, ಚಿನ್ನ ಬರುತ್ತಿತ್ತು. ಲಾಭಾಂಶ ಲಂಡನ್ನಿಗೆ, ನೂರಕ್ಕೆ ಐದರ ರಾಜಧನ ಮೈಸೂರಿನ ಖಜಾನೆಗೆ.

ಇಷ್ಟು ಕಲ್ಲು ಒಡೆಯುವವರು ಬೇಕಲ್ಲ? ಕಾಫಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಸ್ತ್ರಿ ಹಳ್ಳಿಗೆ ಹೋಗುತ್ತಾನೆ, ಮದುವೆಗೋ ಸಾಲಕ್ಕೋ ಮುಂಗಡ ಕೊಡುತ್ತಾನೆ, ಹೆಬ್ಬೆಟ್ಟು ಒತ್ತಿಸಿಕೊಂಡು ಕುಟುಂಬವನ್ನೇ ಕರೆತರುತ್ತಾನೆ. ಗಣಿಯಲ್ಲೂ ಇದೇ ರೀತಿ. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬಂದವರೇ ಹೆಚ್ಚು. ಅವರಲ್ಲಿ ಬಹುಪಾಲು ಊರಾಚೆಯ ಕೇರಿಗಳಲ್ಲಿದ್ದ ದಲಿತರು. ಗಣಿಗಳ ಉಚ್ಛ್ರಾಯದಲ್ಲಿ ಅಲ್ಲಿ ದುಡಿಯುತ್ತಿದ್ದವರ ಸಂಖ್ಯೆ ಇಪ್ಪತ್ತೈದು ಸಾವಿರ ದಾಟಿತ್ತು. ಕನ್ನಡನಾಡಿನ ಗಣಿಯಲ್ಲಿ ಕನ್ನಡಿಗ ಕಾರ್ಮಿಕರು ಕಡಿಮೆ ಎಂಬ ಮಾತನ್ನು ಆಗಾಗ ದೂರಿನ ದನಿಯಲ್ಲಿ ಹೇಳುವವರಿದ್ದಾರೆ. ಆ ಕೆಲಸದ ಬಗೆ ತಿಳಿದರೆ ದೂರುವುದಕ್ಕೆ ನಾಲಿಗೆ ಏಳುವುದು ಕಷ್ಟ.

ದಿನಕ್ಕೆ ಮೂರು ಪಾಳಿ. ಸೈರನ್ ಕೂಗುವ ಮೊದಲೇ ಗಣಿಯ ಬಾಯಿಯ ಬಳಿ ಸಾಲು ನಿಲ್ಲಬೇಕು. ಕೇಜು ಎಂದು ಕರೆಯುವ ಕಬ್ಬಿಣದ ಪಂಜರದಲ್ಲಿ ಮೈಗೆ ಮೈ ತಾಗಿಸಿ ನಿಲ್ಲಿಸುತ್ತಾರೆ. ಗಂಟೆ ಬಾರಿಸಿದೊಡನೆ ಕಾಲ ಕೆಳಗಿನ ನೆಲವೇ ಕಳಚಿದಂತೆ ಅದು ಇಳಿಯುತ್ತದೆ. ಹೊಸಬನಿಗೆ ಹೊಟ್ಟೆ ಗಂಟಲಿಗೆ ಬಂದ ಹಾಗೆ. ಕಿವಿ ಗುಂಯ್ ಎನ್ನುತ್ತದೆ. ಒಂದೇ ಇಳಿತಕ್ಕೆ ತಳ ಮುಟ್ಟುವಂತಿಲ್ಲ. ಒಂದು ಬಾವಿ ಮುಗಿದಲ್ಲಿ ಇಳಿದು, ಸುರಂಗದಲ್ಲಿ ನಡೆದು, ಇನ್ನೊಂದು ಬಾವಿಯ ಕೇಜು ಹತ್ತಬೇಕು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ನೆಲದಿಂದ ಆಕಾಶಕ್ಕೆ ನೆಟ್ಟಗೆ ಮೂರು ಕಿಲೋಮೀಟರು ಎಂದರೆ ಕೊಡಗಿನ ತಡಿಯಂಡಮೋಳ್ ಬೆಟ್ಟಕ್ಕಿಂತಲೂ ಬಹಳ ಎತ್ತರ. ಅದನ್ನು ತಲೆಕೆಳಗು ಮಾಡಿ ನೋಡಿದರೆ ಕೆಲಸದ ಜಾಗ ಎಲ್ಲಿತ್ತೆಂದು ಗೊತ್ತಾಗುತ್ತದೆ.

ಆಳ ಹೋದಷ್ಟೂ ಬಂಡೆ ಬಿಸಿ. ತೀರಾ ಕೆಳಗಿನ ಹಂತಗಳಲ್ಲಿ ಬಂಡೆಯ ಬಿಸಿ 65 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿತ್ತು. ಬರಿಗೈ ಇಟ್ಟರೆ ಸುಡುತ್ತದೆ. ಮೇಲಿನಿಂದ ಯಂತ್ರಗಳಲ್ಲಿ ತಣ್ಣಗೆ ಮಾಡಿದ ಗಾಳಿಯನ್ನು ಒಳಕ್ಕೆ ತಳ್ಳುತ್ತಿದ್ದರು. ಆದರೂ ಗಾಳಿಯ ದಾರಿಯಿಂದ ದೂರದ ಮೂಲೆಗಳಲ್ಲಿ ಬೆವರು ಹರಿಯುವುದೊಂದೇ, ಆರುವುದಿಲ್ಲ. ಅರೆಬೆತ್ತಲಾಗಿ ದುಡಿಯುತ್ತಿದ್ದರು. ಚಿನ್ನದ ಎಳೆಯ ದಪ್ಪ ಬಹಳ ಕಡೆ ಮೂರು ನಾಲ್ಕು ಅಡಿ ಮಾತ್ರ, ಅದೂ ಕಡಿದಾಗಿ ಇಳಿಯುವಂಥದ್ದು. ಅದನ್ನಷ್ಟೇ ಕೊರೆಯಬೇಕು, ಪಕ್ಕದ ಕಲ್ಲು ಕೊರೆದರೆ ಕಂಪನಿಗೆ ದಂಡ. ಹೀಗಾಗಿ ಗೋಡೆಗೆ ಬೆನ್ನು ಕೊಟ್ಟು, ಕುಕ್ಕರಗಾಲಿನಲ್ಲಿ ಕೂತು, ಕೆಲವೊಮ್ಮೆ ಓರೆಯಾಗಿ ಮಲಗಿ ಕೊರೆಯುವುದು.

ಮೊದಮೊದಲು ಒಬ್ಬ ಉಕ್ಕಿನ ಸರಳು ಹಿಡಿಯುತ್ತಿದ್ದ, ಇನ್ನೊಬ್ಬ ಸುತ್ತಿಗೆ ಹೊಡೆಯುತ್ತಿದ್ದ. ಮೇಣದ ಬತ್ತಿಯ ಬೆಳಕಿನಲ್ಲಿ ಸುತ್ತಿಗೆ ತಪ್ಪಿದರೆ ಸರಳು ಹಿಡಿದವನ ಕೈ ಹೋಯಿತು. ಆಮೇಲೆ ಗಾಳಿಯ ಒತ್ತಡದ ಡ್ರಿಲ್ಲುಗಳು ಬಂದವು. ಕೆಲಸ ಬೇಗವಾಯಿತು, ಧೂಳು ಹತ್ತು ಪಟ್ಟಾಯಿತು. ಕೊರೆದ ತೂತುಗಳಿಗೆ ಮದ್ದು ತುಂಬಿ, ಬತ್ತಿ ಹಚ್ಚಿ ಓಡಬೇಕು. ಸಿಡಿದ ಮದ್ದಿನ ಹೊಗೆ ತಲೆನೋವು, ವಾಂತಿ ತರಿಸುತ್ತದೆ. ಸಿಡಿಯದೆ ಉಳಿದ ಮದ್ದು ಇನ್ನೂ ಅಪಾಯ. ಹಿಂದಿನ ಪಾಳಿಯವರು ಬಿಟ್ಟುಹೋದ ಮದ್ದಿರುವ ತೂತಿಗೆ ಮುಂದಿನ ಪಾಳಿಯವನು ತಿಳಿಯದೆ ಸರಳು ಇಟ್ಟರೆ ಮುಗಿಯಿತು. ಒಡೆದ ಕಲ್ಲನ್ನು ಸಲಿಕೆಯಲ್ಲಿ ಎತ್ತಿ ಟಬ್ಬಿಗೆ ತುಂಬಿ ಹಳಿಯ ಮೇಲೆ ದಬ್ಬಿಕೊಂಡು ಹೋಗುವವರು ಬೇರೆ. ಕಲ್ಲು ತೆಗೆದ ಟೊಳ್ಳು ಕುಸಿಯದಂತೆ ಮರದ ತೊಲೆ ಕೊಡುವವರು, ಗ್ರಾನೈಟ್ ಕಲ್ಲಿನ ಗೋಡೆ ಕಟ್ಟುವವರು ಬೇರೆ. ತಂದ ಬುತ್ತಿಯನ್ನು ಆ ಕತ್ತಲಲ್ಲೇ ಬಿಚ್ಚಬೇಕು.

ಇಷ್ಟೆಲ್ಲ ಕಟ್ಟುನಿಟ್ಟಿನ ನಡುವೆಯೂ ಬಂಡೆ ತನ್ನ ಮಾತು ಆಡುತ್ತಿತ್ತು. ಮೈಲಿಗಟ್ಟಲೆ ಕಲ್ಲಿನ ಭಾರ ಹೊತ್ತ ಬಂಡೆಯ ಪಕ್ಕೆಯನ್ನು ಕೊರೆದು ಟೊಳ್ಳು ಮಾಡಿದರೆ ಅದು ಸುಮ್ಮನಿರುತ್ತದೆಯೆ? ಮುನ್ಸೂಚನೆಯಿಲ್ಲದೆ ಗುಂಡು ಹಾರಿದಂತೆ ಸಿಡಿಯುತ್ತದೆ. ಎಂಜಿನಿಯರುಗಳು ಇದನ್ನು ರಾಕ್ ಬರ್ಸ್ಟ್ ಎನ್ನುತ್ತಾರೆ. ದೊಡ್ಡ ಸಿಡಿತವಾದರೆ ಮೇಲಿನ ಮನೆಗಳ ಪಾತ್ರೆಗಳು ಅಲುಗುತ್ತಿದ್ದವು. ಪಾತ್ರೆ ಅಲುಗಿದೊಡನೆ ಹೆಂಗಸರು ಒಲೆಯ ಮೇಲಿನ ಅಡುಗೆ ಬಿಟ್ಟು ಗಣಿಯ ಬಾಯಿಗೆ ಓಡುತ್ತಿದ್ದರು. ಯಾರ ಪಾಳಿ, ಯಾವ ಹಂತ, ಕೇಜಿನಲ್ಲಿ ಮೇಲೆ ಬಂದವರು ಯಾರು... ಗಣಿಯ ಸಂಸಾರಗಳಲ್ಲಿ ಭೂಕಂಪವೆಂದರೆ ಭೂಗೋಳದ ಪಾಠವಲ್ಲ. ಬಂಡೆಯ ಈ ಸ್ವಭಾವವನ್ನು ಅಭ್ಯಾಸ ಮಾಡಲು 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯೂ ಅಲ್ಲಿ ಆರಂಭವಾಯಿತು. ಅದಕ್ಕೂ ಮುಂಚೆ, 1965ರಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎರಡು ಕಿಲೋಮೀಟರಿಗೂ ಆಳದಲ್ಲಿ ಯಂತ್ರವಿಟ್ಟು, ಬಾನಿನಿಂದ ಬಂದು ಭೂಮಿಯನ್ನೇ ತೂರಿ ಹೋಗುವ ನ್ಯೂಟ್ರಿನೊ ಕಣದ ಗುರುತು ಹಿಡಿದರು. ಜಗತ್ತಿನ ವಿಜ್ಞಾನ ಪುಸ್ತಕಗಳಲ್ಲಿ ಕೋಲಾರದ ಹೆಸರು ಬಂದದ್ದು ಹಾಗೆ. ಬೇರೆಲ್ಲ ಸದ್ದು ಅಡಗುವಷ್ಟು ಆಳ ಅವರಿಗೆ ಬೇಕಿತ್ತು. ಆ ಆಳವನ್ನು ತೋಡಿಟ್ಟವರು ಕಾರ್ಮಿಕರು.

ಬಂಡೆ ಸಿಡಿದು ಸತ್ತವನ ಸಾವು ಎಲ್ಲರಿಗೂ ಕಾಣುತ್ತದೆ. ಧೂಳಿನ ಸಾವು ಹಾಗಲ್ಲ. ಬೆಣಚುಕಲ್ಲಿನ ಕಣ್ಣಿಗೆ ಕಾಣದ ಪುಡಿ ಉಸಿರಿನೊಂದಿಗೆ ಒಳಹೋಗಿ ಶ್ವಾಸಕೋಶದಲ್ಲಿ ಕೂರುತ್ತದೆ. ಕೂತಲ್ಲಿ ಗಾಯ, ಗಾಯ ಮಾಯ್ದಲ್ಲಿ ಗಂಟು. ವರ್ಷ ಕಳೆದಂತೆ ಶ್ವಾಸಕೋಶ ಹಿಗ್ಗುವುದನ್ನೇ ಮರೆಯುತ್ತದೆ. ಮೊದಲು ಏರು ಹತ್ತುವಾಗ ಏದುಸಿರು, ಆಮೇಲೆ ಸಮತಟ್ಟಿನಲ್ಲೂ, ಕೊನೆಗೆ ಮಲಗಿದರೂ. ಕ್ಷಯ ಇಂಥವರನ್ನು ಸುಲಭವಾಗಿ ಹಿಡಿಯುತ್ತದೆ. ಈ ಸಿಲಿಕೋಸಿಸ್ ರೋಗ ಭಾರತದಲ್ಲಿ ಮೊದಲು ವರದಿಯಾದದ್ದೇ ಕೋಲಾರದ ಗಣಿಗಳಿಂದ, 1934ರಲ್ಲಿ. ಅಲ್ಲಿಗೆ ಕೆಲಸ ಆರಂಭವಾಗಿ ಅರ್ಧ ಶತಮಾನ ಕಳೆದಿತ್ತು. ಆ ಐವತ್ತು ವರ್ಷ ಕೆಮ್ಮಿ ಸತ್ತವರದೆಲ್ಲ ಬರೀ ಕೆಮ್ಮು. 1940ರಲ್ಲಿ ಮೈಸೂರು ಸರ್ಕಾರ ಇದಕ್ಕೆ ಪರಿಹಾರ ಕೊಡುವ ನಿಯಮ ತಂದಿತು. ಆ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆ ಪರೀಕ್ಷಿಸಿ ನೋಡಿದರೆ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಇತ್ತು. ಕೊರೆಯುವಾಗ ನೀರು ಹಾಯಿಸಿ ಧೂಳು ಅಡಗಿಸುವ ಪದ್ಧತಿ ಬಂದ ಮೇಲೆ ರೋಗ ಇಳಿಮುಖವಾಯಿತು. ನೀರು ಹಾಯಿಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ತಡವಾದದ್ದು ವಿದ್ಯೆ ಇಲ್ಲದೆ ಅಲ್ಲ.

ನೀರು ಎಂದಾಗ ಕೊಡಗಿನವರು ತಿಳಿಯಬೇಕಾದ ಸಂಗತಿಯೊಂದುಂಟು. ಶನಿವಾರಸಂತೆಯ ಸುತ್ತ ಸುರಿಯುವ ಮಳೆ ಹೇಮಾವತಿಗೋ ಹಾರಂಗಿಗೋ ಸೇರಿ ಕೊನೆಗೆ ಕಾವೇರಿಯಾಗುತ್ತದೆ. ಆ ಕಾವೇರಿ ಶಿವನಸಮುದ್ರದಲ್ಲಿ ಧುಮುಕುವ ಕಡೆ ವಿದ್ಯುತ್ ತೆಗೆದು, 92 ಮೈಲಿ ತಂತಿ ಎಳೆದು, 1902ರ ಜೂನ್ 30ರಂದು ಕೋಲಾರದ ಗಣಿಗಳಿಗೆ ಹರಿಸಿದರು. ಆಗ ಅದು ಜಗತ್ತಿನಲ್ಲೇ ಬಹು ಉದ್ದದ ತಂತಿಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಬೇಸಿಗೆಯಲ್ಲಿ ಹೊಳೆ ಬತ್ತಿ ಗಣಿ ಯಂತ್ರ ನಿಲ್ಲಬಾರದು ಎಂಬುದೂ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಹಿಡಿಯಲು ಇದ್ದ ಕಾರಣಗಳಲ್ಲಿ ಒಂದು. ಕೊಡಗಿನ ಮಳೆಗೂ ಕೋಲಾರದ ಚಿನ್ನಕ್ಕೂ ಇಷ್ಟು ನಂಟು. ಆ ಕರೆಂಟು ಮೊದಲು ಹೋದದ್ದು ಕಲ್ಲು ಕುಟ್ಟುವ ಗಿರಣಿಗೆ, ದೊರೆಗಳ ಬಂಗಲೆಗೆ. ಕೂಲಿಯವನ ತಟ್ಟಿ ಗುಡಿಸಲಿನಲ್ಲಿ ಬುಡ್ಡಿ ದೀಪ ಉರಿಯುತ್ತಲೇ ಇತ್ತು.

ಗುಡಿಸಲು ಎಂದರೆ ಬಿದಿರು ತಟ್ಟಿಯ ಒಂದು ಕೋಣೆ. ಮುಂದೆ ಅದೇ ಕಲ್ಲು, ಇಟ್ಟಿಗೆಯ ಲೈನಾಯಿತು. ಹಗಲು ಪಾಳಿಯವನು ಎದ್ದುಹೋದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಮಲಗುವಷ್ಟು ಇಕ್ಕಟ್ಟು. ನಲ್ಲಿ ಸಾಲಿಗೊಂದು. ಪಾಯಿಖಾನೆಯ ಮಾತು ಆಡದಿರುವುದೇ ವಾಸಿ. ಮಲ ಹೊರುವ ಹೀನ ಕೆಲಸ ಈ ಲೈನುಗಳ ಸುತ್ತ ಇಪ್ಪತ್ತೊಂದನೆಯ ಶತಮಾನಕ್ಕೂ ಉಳಿದುಬಂದದ್ದು ಹಳೆಯ ಚಿನ್ನದ ಊರಿನ ಮೇಲೆ ಉಳಿದ ಕಳಂಕ. ಅತ್ತ ದಿಬ್ಬದ ಮೇಲೆ ಕ್ಲಬ್ಬು, ಗಾಲ್ಫ್ ಮೈದಾನ, ಹೂದೋಟದ ಬಂಗಲೆಗಳು. ಅದನ್ನು ಪುಟ್ಟ ಇಂಗ್ಲೆಂಡ್ ಎಂದು ಈಗಲೂ ಹೊಗಳಿ ಬರೆಯುವುದುಂಟು. ಹೊಗಳಲಿ. ಬಂಗಲೆಗಳು ನಿಜಕ್ಕೂ ಚೆಂದವಾಗಿದ್ದವು.

ಇನ್ನು ಅನುಮಾನದ ಬದುಕು. ಪಾಳಿ ಮುಗಿಸಿ ಮೇಲೆ ಬಂದವನ ಸೊಂಟ, ತಲೆಗೂದಲು, ಬುತ್ತಿಯ ಡಬ್ಬಿ ತಡಕಿ ನೋಡಿ ಬಿಡುವ ಪದ್ಧತಿ. ಅದಿರಿನ ಚೂರು ಸಿಕ್ಕರೆ ಜೈಲು. ಇದಕ್ಕೆಂದೇ 1897ರಲ್ಲಿ ಕಾಯಿದೆ ಬಂತು. ಕಳವು ನಡೆಯುತ್ತಿರಲಿಲ್ಲ ಎಂದಲ್ಲ, ನಡೆಯುತ್ತಿತ್ತು. ಬಡ್ಡಿಯವನು, ಸಾರಾಯಿ ಅಂಗಡಿಯವನು ವಾರದ ಬಟವಾಡೆಯ ದಿನವೇ ಬಾಗಿಲಲ್ಲಿ ನಿಲ್ಲುವಾಗ ದಿನವಿಡೀ ಚಿನ್ನದ ಕಲ್ಲು ಮುಟ್ಟುವವನ ಕೈ ಸುಮ್ಮನಿರಲು ಎಲ್ಲರೂ ಹರಿಶ್ಚಂದ್ರರಲ್ಲ. ಆದರೆ ಸಾವಿರಾರು ಮಂದಿಯನ್ನು ದಿನಕ್ಕೊಮ್ಮೆ ಕಳ್ಳರಂತೆ ತಡಕಿದರೆ ಅದು ಮನಸ್ಸಿಗೆ ತಾಗುತ್ತದೆ. 1930ರಲ್ಲಿ ಪ್ರತಿಯೊಬ್ಬ ಕಾರ್ಮಿಕನ ಬೆರಳಚ್ಚು ದಾಖಲಿಸಬೇಕೆಂಬ ನಿಯಮ ಬಂದಾಗ ಜನ ಸಿಡಿದರು. ಹೆಬ್ಬೆಟ್ಟು ಹಿಡಿಸುವುದು ಕೈದಿಗಳಿಂದ, ನಾವೇನು ಕೈದಿಗಳೆ ಎಂಬುದು ಪ್ರಶ್ನೆ. ಸಂಘವಿಲ್ಲ, ಮುಂದಾಳು ಎಂದು ಬೆರಳು ಮಾಡಿ ತೋರಿಸುವಂಥ ಒಬ್ಬನಿಲ್ಲ. ಆದರೂ 21 ದಿನ ಗಣಿಗಳು ನಿಂತವು. ಕೂಲಿ ಹೆಚ್ಚಿಸಿ ಎಂದು ಹೂಡಿದ ಮುಷ್ಕರವಲ್ಲ ಅದು, ಮರ್ಯಾದೆಗಾಗಿ ಹೂಡಿದ್ದು. ಸಂಘ ಕಟ್ಟುವ ಹಕ್ಕು ಮೈಸೂರು ಸಂಸ್ಥಾನದಲ್ಲಿ ಬಂದದ್ದು 1940ರ ದಶಕದಲ್ಲಿ. ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಅವರಂಥ ಕಮ್ಯುನಿಸ್ಟ್ ನಾಯಕರ ಮುಂದಾಳತ್ವದಲ್ಲಿ 1946ರಲ್ಲಿ ದೊಡ್ಡ ಮುಷ್ಕರ ನಡೆಯಿತು. ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು.

ಇಷ್ಟೊಂದು ಕಷ್ಟವಿದ್ದರೂ ಜನ ಊರಿಗೆ ಹಿಂದಿರುಗಲಿಲ್ಲವೇಕೆ? ಇದನ್ನು ಕೇಳದೆ ಗಣಿಯ ಕತೆ ಪೂರ್ತಿಯಾಗುವುದಿಲ್ಲ. ಊರಿನಲ್ಲಿ ಅವರಿಗಿದ್ದದ್ದು ಜೀತ. ಅಲ್ಲಿ ಕೂಲಿ ಎಂದರೆ ಒಡೆಯ ಸೆರಗಿಗೆ ಎತ್ತರದಿಂದ ಸುರಿಯುವ ಕಾಳು. ಗಣಿಯಲ್ಲಿ ಕೈಗೆ ರೊಕ್ಕ ಬರುತ್ತಿತ್ತು. ಕೇಜಿನಲ್ಲಿ ಎಲ್ಲರೂ ಮೈಗೆ ಮೈ ತಾಗಿಸಿ ನಿಲ್ಲಲೇಬೇಕು, ದೂರ ನಿಲ್ಲು ಎನ್ನಲು ಅಲ್ಲಿ ಜಾಗವಿಲ್ಲ. ಮಕ್ಕಳಿಗೆ ಶಾಲೆ ಸಿಕ್ಕಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬೌದ್ಧ ಸಂಘಗಳು ಹುಟ್ಟಿದವು. ಮದರಾಸಿನ ಪಂಡಿತ ಅಯೋತಿದಾಸರು ನಡೆಸುತ್ತಿದ್ದ 'ತಮಿಳನ್' ಪತ್ರಿಕೆ ಅವರ ಕಾಲಾನಂತರ ನಿಂತುಹೋಗಿ, 1926ರಲ್ಲಿ ಮರುಹುಟ್ಟು ಪಡೆದದ್ದು ಈ ಗಣಿ ಊರಿನಲ್ಲೇ. ಡ್ರಿಲ್ಲು ಹಿಡಿದ ಕೈಗಳು ಸಂಜೆ ಪತ್ರಿಕೆ ಹಿಡಿದವು. ಗಣಿ ಅವರ ಶ್ವಾಸಕೋಶ ಕಿತ್ತುಕೊಂಡದ್ದು ನಿಜ. ಊರಿನ ಒಡೆಯನ ಮುಂದೆ ಬಗ್ಗಿಸಿದ್ದ ಬೆನ್ನನ್ನು ನೆಟ್ಟಗೆ ಮಾಡಿಕೊಳ್ಳಲು ಜಾಗ ಕೊಟ್ಟದ್ದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವಂತಿಲ್ಲ.

ಗಣಿಗಳು 1956ರಲ್ಲಿ ಮೈಸೂರು ರಾಜ್ಯದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಒಡೆಯರು ಬದಲಾದರು, ಆಳ ಬದಲಾಗಲಿಲ್ಲ. ಅದಿರಿನಲ್ಲಿ ಚಿನ್ನ ಇಳಿಯುತ್ತ, ಖರ್ಚು ಏರುತ್ತ ಹೋಗಿ, 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿತು. ಸುಮಾರು 120 ವರ್ಷಗಳಲ್ಲಿ ತೆಗೆದ ಚಿನ್ನ 800 ಟನ್ನಿನಷ್ಟು. ಮುಚ್ಚಿದ ದಿನ ಕೆಲಸ ಕಳೆದುಕೊಂಡವರು ಮೂರು ಸಾವಿರಕ್ಕೂ ಹೆಚ್ಚು. ಮೋಟಾರು ನಿಂತ ಮೇಲೆ ನೀರು ಮೇಲೇರಿ ಸುರಂಗಗಳನ್ನೆಲ್ಲ ನುಂಗಿತು. ರಾಯಚೂರಿನ ಹಟ್ಟಿಯಲ್ಲಿ ಚಿನ್ನದ ಗಣಿಯ ಕೆಲಸ ಈಗಲೂ ನಡೆಯುತ್ತಿದೆ. ಕೋಲಾರದಲ್ಲಿ ನಡೆಯುತ್ತಿರುವುದು ಕೋರ್ಟು, ಟೆಂಡರು, ಪರಿಹಾರದ ಅರ್ಜಿ, ಲೈನ್ ಮನೆಯ ಹಕ್ಕುಪತ್ರದ ಓಡಾಟ. 2018ರಲ್ಲಿ ಬಂದ ಸಿನಿಮಾದಿಂದ ಕೆಜಿಎಫ್ ಎಂಬ ಮೂರಕ್ಷರ ದೇಶಕ್ಕೆಲ್ಲ ಪರಿಚಯವಾಯಿತು. ಸಿನಿಮಾದಲ್ಲಿ ಹೊಡೆದಾಟ ಬಹಳ, ಕೆಮ್ಮು ಕಡಿಮೆ.

ಉಳಿದಿರುವುದು ಗುಡ್ಡಗಳು. ಚಿನ್ನ ಬಸಿದು ಚೆಲ್ಲಿದ ಕಲ್ಲುಹಿಟ್ಟಿನ ಗುಡ್ಡಗಳಿಗೆ ಊರಿನವರು ಸೈನೈಡ್ ಗುಡ್ಡ ಎನ್ನುತ್ತಾರೆ. ಮೂರು ಕೋಟಿ ಟನ್ನಿಗೂ ಮಿಕ್ಕ ರಾಶಿ. ಹುಲ್ಲೂ ಸರಿಯಾಗಿ ಹುಟ್ಟುವುದಿಲ್ಲ. ಗಾಳಿ ಎದ್ದರೆ ಬಿಳಿ ಧೂಳು ಲೈನುಗಳ ಮೇಲೆ, ಒಗೆದು ಹಾಕಿದ ಬಟ್ಟೆಯ ಮೇಲೆ, ಅನ್ನದ ತಟ್ಟೆಯ ಮೇಲೆ. ಗಣಿಗೆ ಒಮ್ಮೆಯೂ ಇಳಿಯದ ಮಕ್ಕಳ ಪಾಲಿಗೂ ಈಗ ಅದೇ ಧೂಳು. ಆ ಹಿಟ್ಟಿನಲ್ಲೂ ಟನ್ನಿಗೆ ಒಂದಿಷ್ಟು ಚಿನ್ನ ಉಳಿದಿದೆಯಂತೆ. ಹದಿಮೂರು ಗುಡ್ಡಗಳನ್ನು ಮತ್ತೆ ಸೋಸಿ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು.

ಹಳೆಯ ಪಾಳಿಯ ಸೈರನ್ ಈಗಿಲ್ಲ. ಅದರ ಬದಲು ರೈಲಿನ ಹೊತ್ತು. ಮಾರಿಕುಪ್ಪಂನಿಂದ ಬೆಳಗಾಗುವ ಮೊದಲೇ ಬೆಂಗಳೂರಿನ ರೈಲು ಹೊರಡುತ್ತದೆ. ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಬುತ್ತಿ ಕಟ್ಟಿಕೊಂಡು ಅದನ್ನು ಹತ್ತುತ್ತಾರೆ. ಕಾವಲುಗಾರನ ಕೆಲಸ, ಗಾರ್ಮೆಂಟ್ಸ್, ಆಸ್ಪತ್ರೆ, ಕಟ್ಟಡ ಕೆಲಸ, ಕಚೇರಿ. ಓದಿ ಮುಂದೆ ಬಂದವರು ಎಂಜಿನಿಯರುಗಳೂ ಆಗಿದ್ದಾರೆ. ಸೀಟು ಸಿಕ್ಕವರು ನಿದ್ದೆ ಮಾಡುತ್ತಾರೆ, ಸಿಗದವರು ಬಾಗಿಲ ಬಳಿ ಮೈಗೆ ಮೈ ತಾಗಿಸಿ ನಿಲ್ಲುತ್ತಾರೆ. ಚಾಂಪಿಯನ್, ಊರಿಗಾಂ, ಕೋರಮಂಡಲ್ ಎಂದು ನಿಲ್ದಾಣಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಗಾಳಿ ಜೋರಾಗಿರುವ ದಿನ, ಗುಡ್ಡಗಳ ಬದಿ ಬಂದಾಗ, ಕಿಟಕಿ ಪಕ್ಕ ಕೂತವರು ಯಾರೂ ಹೇಳದೆಯೇ ಶಟರು ಇಳಿಸುತ್ತಾರೆ.